ಗೌಟ್ ಮಾತ್ರೆ, ಸೋತ ಕಾಲುಗಳು ಮತ್ತು ಕನ್ನಡದಲ್ಲಿ ಇಲ್ಲದ ಎಚ್ಚರಿಕೆ

ಕಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದಿಕೊಂಡಿರುತ್ತದೆ. ಹೊದಿಕೆ ತಾಗಿದರೂ ಜೀವ ಹೋದಂತಾಗುವ ನೋವು. ರಕ್ತ ಪರೀಕ್ಷೆ ಮಾಡಿಸಿದರೆ ‘ಯೂರಿಕ್ ಆಸಿಡ್ ಜಾಸ್ತಿ ಇದೆ’ ಅಂತಾರೆ. ಈ ಕಾಯಿಲೆಯ ಹೆಸರು ಗೌಟ್. ಇದಕ್ಕೆ ವೈದ್ಯರು ಬರೆದುಕೊಡುವ ಹಳೆಯ, ಅಗ್ಗದ ಮಾತ್ರೆಗಳಲ್ಲಿ ಕೊಲ್ಚಿಸಿನ್ ಒಂದು. ಸರಿಯಾದ ಸಮಯಕ್ಕೆ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ನೋವು ಇಳಿಯುತ್ತದೆ. ಅದರಲ್ಲಿ ಅನುಮಾನವಿಲ್ಲ.

ಆದರೆ ಇದೇ ಮಾತ್ರೆ ಕೆಲವರ ಸ್ನಾಯುಗಳನ್ನು ಹಾಳು ಮಾಡುತ್ತದೆ. ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅವರಿಗೆ ನೆಲದಿಂದ ಏಳಲು ಆಗುವುದಿಲ್ಲ. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ತಲೆ ಬಾಚಲು ಕೈ ಮೇಲೇಳುವುದಿಲ್ಲ. ಮನೆಯವರು ‘ವಯಸ್ಸಾಯ್ತಲ್ಲ’ ಅಂತ ಸುಮ್ಮನಾಗುತ್ತಾರೆ. ಕೆಲವೊಮ್ಮೆ ವೈದ್ಯರೂ ಅದನ್ನೇ ಹೇಳುತ್ತಾರೆ. ಕಾರಣವಾದ ಮಾತ್ರೆ ಮಾತ್ರ ದಿನವೂ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ.

ಇದು ಅಪರೂಪದ ಅಡ್ಡಪರಿಣಾಮ ಅನ್ನುವುದು ನಿಜ. ಆದರೆ ಯಾರಿಗೆ ಆಗಬಹುದು, ಯಾಕೆ ಆಗುತ್ತದೆ, ತಪ್ಪಿಸುವುದು ಹೇಗೆ ಅನ್ನುವುದು ವೈದ್ಯಲೋಕಕ್ಕೆ ದಶಕಗಳಿಂದ ಗೊತ್ತು. ಗೊತ್ತಿರುವ ಆ ಮಾಹಿತಿ ಮಾತ್ರೆ ನುಂಗುವವರನ್ನು ಮುಟ್ಟುವುದಿಲ್ಲ ಅನ್ನುವುದೇ ಸಮಸ್ಯೆ. ಹಾಗಾಗಿ ಇದನ್ನು ಬರೀ ವೈದ್ಯಕೀಯ ವಿಷಯ ಅಂತ ಪಕ್ಕಕ್ಕಿಡುವಂತಿಲ್ಲ. ಇದು ಕಾನೂನಿನ, ಭಾಷೆಯ ಮತ್ತು ಆಡಳಿತದ ವಿಷಯವೂ ಹೌದು.

ಅಜ್ಜಿಗೆ ಗೊತ್ತಿದ್ದ ವಿಷ

ಕೊಲ್ಚಿಸಿನ್ ಪ್ರಯೋಗಾಲಯದಲ್ಲಿ ಹುಟ್ಟಿದ ರಾಸಾಯನಿಕವಲ್ಲ. ಯುರೋಪಿನಲ್ಲಿ ಇದು ಕೊಲ್ಚಿಕಮ್ ಅನ್ನುವ ಗಿಡದಿಂದ ಬಂತು. ನಮ್ಮಲ್ಲಿ ಅದೇ ಅಂಶ ಇರುವುದು ಅಗ್ನಿಶಿಖೆಯಲ್ಲಿ. ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬಿ, ಕೆಂಪು-ಹಳದಿ ಎಸಳುಗಳನ್ನು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಚಾಚುವ ಬಳ್ಳಿ ಅದು. ನಮ್ಮ ಎಷ್ಟೋ ಕಡೆ ಅದನ್ನು ಗೌರಿ ಹೂ ಅನ್ನುತ್ತಾರೆ. ಪಕ್ಕದ ತಮಿಳುನಾಡಿಗೆ ಅದು ರಾಜ್ಯದ ಹೂವು. ಅಲ್ಲಿನ ಪಶ್ಚಿಮ ಜಿಲ್ಲೆಗಳಲ್ಲಿ ರೈತರು ಇದನ್ನು ಬೀಜಕ್ಕಾಗಿಯೇ ಬೆಳೆಯುತ್ತಾರೆ. ಆ ಬೀಜದಿಂದ ಕೊಲ್ಚಿಸಿನ್ ತೆಗೆಯಲಾಗುತ್ತದೆ.

ಈ ಬಳ್ಳಿಯ ಗೆಡ್ಡೆ ವಿಷ ಅನ್ನುವುದು ಹಳ್ಳಿಯಲ್ಲಿ ಬೆಳೆದ ಹಿರಿಯರಿಗೆ ಗೊತ್ತು. ‘ಅದನ್ನು ಮುಟ್ಟಬೇಡ, ಬಾಯಿಗೆ ಹಾಕ್ಕೋಬೇಡ’ ಅಂತ ಮಕ್ಕಳಿಗೆ ಹೇಳಿದ್ದು ಕನ್ನಡದಲ್ಲೇ. ಅದೇ ಅಂಶ 0.5 ಮಿಲಿಗ್ರಾಂ ಮಾತ್ರೆಯಾಗಿ ಸ್ಟ್ರಿಪ್‌ನಲ್ಲಿ ಬಂದಾಗ ಆ ಎಚ್ಚರಿಕೆ ಕನ್ನಡದಿಂದ ಕಳಚಿಹೋಗಿದೆ. ಈಗ ಅದು ಇದ್ದರೆ ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ.

ಇನ್ನೊಂದು ಸಂಗತಿ. ಯುನಾನಿ ಪದ್ಧತಿಯಲ್ಲಿ ಕೀಲುನೋವಿಗೆ ಕೊಡುವ ಸುರಂಜಾನ್ ಕೂಡ ಕೊಲ್ಚಿಕಮ್ ಜಾತಿಯ ಗಿಡದ್ದೇ. ವೈದ್ಯರು ಬರೆದ ಕೊಲ್ಚಿಸಿನ್ ಜೊತೆಗೆ ಅದನ್ನೂ ತೆಗೆದುಕೊಳ್ಳುವವರು ಗೊತ್ತಿಲ್ಲದೆಯೇ ಒಂದೇ ಔಷಧವನ್ನು ಎರಡು ದಾರಿಯಿಂದ ನುಂಗುತ್ತಿರಬಹುದು. ‘ನಾಟಿ ಔಷಧಿ, ಏನೂ ಆಗಲ್ಲ’ ಅನ್ನುವ ನಂಬಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸ್ನಾಯುವಿಗೆ ಆಗುವುದೇನು?

ನಮ್ಮ ಜೀವಕೋಶಗಳ ಒಳಗೆ ಸಣ್ಣ ಸಣ್ಣ ಕೊಳವೆಗಳ ಜಾಲವಿದೆ. ಸಾಮಾನು ಸಾಗಿಸುವ ಹಳಿಗಳಂತೆ ಅವು ಕೆಲಸ ಮಾಡುತ್ತವೆ. ಗೌಟ್ ಬಂದಾಗ ಕೀಲಿನಲ್ಲಿ ಯೂರಿಕ್ ಆಸಿಡ್ ಹರಳುಗಟ್ಟುತ್ತದೆ. ಅದರ ಮೇಲೆ ಬಿಳಿ ರಕ್ತಕಣಗಳು ಮುಗಿಬೀಳುವುದರಿಂದಲೇ ಆ ಊತ, ಆ ಬೆಂಕಿಯಂಥ ನೋವು. ಕೊಲ್ಚಿಸಿನ್ ಈ ಹಳಿಗಳು ಜೋಡಣೆಯಾಗದಂತೆ ತಡೆಯುತ್ತದೆ. ರಕ್ತಕಣಗಳ ಓಡಾಟ ನಿಧಾನವಾಗುತ್ತದೆ, ಉರಿಯೂತ ಇಳಿಯುತ್ತದೆ.

ಆದರೆ ಹಳಿಗಳು ಇರುವುದು ಬಿಳಿ ರಕ್ತಕಣಗಳಲ್ಲಿ ಮಾತ್ರ ಅಲ್ಲ. ಔಷಧ ದೇಹದಲ್ಲಿ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ಉಳಿದರೆ ಸ್ನಾಯುಕೋಶಗಳ ಸಾಗಾಟವೂ ಕೆಡುತ್ತದೆ. ಕೋಶ ತನ್ನ ಕಸವನ್ನು ಹೊತ್ತೊಯ್ದು ವಿಲೇವಾರಿ ಮಾಡಲು ಆಗದೆ, ಅದು ಒಳಗೇ ಗುಳ್ಳೆಗುಳ್ಳೆಯಾಗಿ ತುಂಬಿಕೊಳ್ಳುತ್ತದೆ. ನಗರದಲ್ಲಿ ಕಸದ ಲಾರಿ ನಾಲ್ಕು ದಿನ ಬರದಿದ್ದರೆ ಬೀದಿ ಏನಾಗುತ್ತದೋ, ಹೆಚ್ಚುಕಡಿಮೆ ಅದೇ ಕಥೆ. ಸೊಂಟ, ತೊಡೆ, ಭುಜದ ದೊಡ್ಡ ಸ್ನಾಯುಗಳು ಮೊದಲು ಸೋಲುತ್ತವೆ. ಜೊತೆಗೆ ನರಗಳಿಗೂ ಪೆಟ್ಟಾಗಿ ಕೈಕಾಲು ಜೋಮು ಹಿಡಿಯಬಹುದು. ತೀವ್ರವಾದರೆ ಸ್ನಾಯುಗಳು ಕರಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಬಹುದು. ಅದು ಕಿಡ್ನಿಗೂ ಜೀವಕ್ಕೂ ಅಪಾಯ.

1987ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಮಹತ್ವದ ವರದಿ ಬಂತು. ಅಮೆರಿಕದ ವೈದ್ಯ ರಾಲ್ಫ್ ಕನ್‌ಕಲ್ ಮತ್ತು ಸಂಗಡಿಗರು ಬರೆದದ್ದು. ಅದರ ಮೂರು ಮಾತು ಇವತ್ತಿಗೂ ನೆನಪಿಡಬೇಕಾದವು. ಒಂದು, ಈ ರೋಗಿಗಳು ಮಾತ್ರೆಯನ್ನು ಮಿತಿಮೀರಿ ನುಂಗಿದವರಲ್ಲ, ಮಾಮೂಲಿ ಪ್ರಮಾಣದಲ್ಲೇ ತೆಗೆದುಕೊಂಡವರು. ಕಿಡ್ನಿ ಸರಿಯಾಗಿ ಕೆಲಸ ಮಾಡದ ಕಾರಣ ಔಷಧ ರಕ್ತದಲ್ಲಿ ಶೇಖರವಾಗಿತ್ತು. ಎರಡು, ಮೊದಮೊದಲು ಇವರ ಕಾಯಿಲೆಯನ್ನು ಬೇರೆ ಏನೋ ಅಂತ ಗುರುತಿಸಲಾಗಿತ್ತು. ಒಂದೋ ಸ್ನಾಯುಗಳ ಉರಿಯೂತದ ರೋಗ, ಇಲ್ಲವೇ ಕಿಡ್ನಿ ವೈಫಲ್ಯದಿಂದ ಬಂದ ನರದ ತೊಂದರೆ ಅಂತ. ಮೂರು, ಮಾತ್ರೆ ನಿಲ್ಲಿಸಿದ ಮೂರು-ನಾಲ್ಕು ವಾರಗಳಲ್ಲಿ ಸ್ನಾಯುಗಳಿಗೆ ಬಲ ಮರಳಿತ್ತು. ನರಗಳು ಮಾತ್ರ ನಿಧಾನವಾಗಿ ಚೇತರಿಸಿಕೊಂಡವು.

ಮೂರನೆಯ ಮಾತನ್ನು ಇನ್ನೊಮ್ಮೆ ಓದಿ. ಬೇಗ ಗುರುತಿಸಿದರೆ ಬಹುಪಾಲು ವಾಸಿಯಾಗುವ ತೊಂದರೆ ಇದು. ಗುರುತಿಸದಿದ್ದರೆ ಸ್ಟೀರಾಯ್ಡ್, ಸ್ಕ್ಯಾನ್, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಟ, ಸಾಲ. ದಿನಗೂಲಿ ಮಾಡುವವರ ಮನೆಯಲ್ಲಿ ಸೋತ ಕಾಲು ಅಂದರೆ ನಿಂತ ಕೂಲಿ. ಇವೆರಡರ ನಡುವೆ ಇರುವುದು ಒಂದು ಸರಿಯಾದ ಪ್ರಶ್ನೆ ಮತ್ತು ‘ಸಿಪಿಕೆ’ ಅಂತ ಕರೆಯುವ ಒಂದು ರಕ್ತ ಪರೀಕ್ಷೆ, ಅಷ್ಟೇ.

ಮೂರು ಕೈಗಳಲ್ಲಿ ಹಂಚಿಹೋದ ಮಾಹಿತಿ

ಕೊಲ್ಚಿಸಿನ್ ದೇಹದಿಂದ ಹೊರಹೋಗಲು ಎರಡು ದಾರಿ. ಒಂದಷ್ಟು ಯಕೃತ್ತಿನಲ್ಲಿ ಕರಗಬೇಕು, ಒಂದಷ್ಟು ಕಿಡ್ನಿಯಿಂದ ಹೋಗಬೇಕು. ಎರಡೂ ದಾರಿ ಕಟ್ಟಿಕೊಂಡರೆ ಮಾಮೂಲಿ ಪ್ರಮಾಣವೇ ವಿಷದ ಪ್ರಮಾಣವಾಗುತ್ತದೆ. ಆಮೇಲೆ ಡಯಾಲಿಸಿಸ್ ಮಾಡಿಯೂ ಅದನ್ನು ಹೊರತೆಗೆಯಲು ಆಗುವುದಿಲ್ಲ.

ಕಿಡ್ನಿಯ ದಾರಿ ನೋಡಿ. ಯೂರಿಕ್ ಆಸಿಡ್ ಜಾಸ್ತಿ ಇರುವವರಲ್ಲಿ ಎಷ್ಟೋ ಜನರಿಗೆ ಮೊದಲೇ ಬಿಪಿ, ಶುಗರ್ ಇರುತ್ತದೆ. ಇವೆರಡೂ ಕಿಡ್ನಿಯನ್ನು ನಿಧಾನವಾಗಿ ಸವೆಸುವ ಕಾಯಿಲೆಗಳು. ಅದರ ಮೇಲೆ ನೋವು ತಡೆಯಲಾರದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಂಡ ನೋವಿನ ಮಾತ್ರೆಗಳು. ಡೈಕ್ಲೋಫೆನಾಕ್‌ನಂಥವನ್ನು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟಾಗಬಹುದು. ಹೀಗೆ ನೋವಿಗೆ ತಿಂದದ್ದು ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಕೊಲ್ಚಿಸಿನ್ ಅನ್ನು ಒಳಗೇ ಉಳಿಸಿಕೊಳ್ಳುತ್ತದೆ, ಉಳಿದ ಕೊಲ್ಚಿಸಿನ್ ಸ್ನಾಯುವನ್ನು ತಿನ್ನುತ್ತದೆ.

ಯಕೃತ್ತಿನ ದಾರಿಯನ್ನು ಕಟ್ಟುವುದು ಬೇರೆ ಔಷಧಗಳು. ಕೆಮ್ಮು-ಕಫಕ್ಕೆ, ಹೊಟ್ಟೆಯ ಎಚ್. ಪೈಲೋರಿ ಸೋಂಕಿಗೆ ಬರೆಯುವ ಕ್ಲಾರಿಥ್ರೊಮೈಸಿನ್ ಇದರಲ್ಲಿ ಮೊದಲನೆಯದು. ಹುಳುಕಡ್ಡಿಗೆ ಈಗ ಎಲ್ಲೆಡೆ ಕೊಡುವ ಇಟ್ರಾಕೊನಜೋಲ್, ಬಿಪಿ-ಹೃದಯದ ತೊಂದರೆಗೆ ಕೊಡುವ ಡಿಲ್ಟಿಯಾಜೆಮ್ ಮತ್ತು ವೆರಪಾಮಿಲ್, ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್ ಇವೂ ಆ ಪಟ್ಟಿಯಲ್ಲಿವೆ.

ಇದು ಕಾಗದದ ಮೇಲಿನ ಅಪಾಯವಲ್ಲ. ಹಾಂಗ್‌ಕಾಂಗ್‌ನ ವೈದ್ಯರು ಕ್ಲಾರಿಥ್ರೊಮೈಸಿನ್ ಮತ್ತು ಕೊಲ್ಚಿಸಿನ್ ಎರಡನ್ನೂ ಪಡೆದಿದ್ದ 116 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಎರಡನ್ನೂ ಒಟ್ಟಿಗೆ ತೆಗೆದುಕೊಂಡ 88 ಜನರಲ್ಲಿ 9 ಮಂದಿ ತೀರಿಕೊಂಡಿದ್ದರು. ಒಂದರ ನಂತರ ಒಂದು ತೆಗೆದುಕೊಂಡ 28 ಜನರಲ್ಲಿ ಒಬ್ಬರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಲೆಕ್ಕ ಹಾಕಿದಾಗ ಕೊಲ್ಚಿಸಿನ್ ಮಾತ್ರೆಗೆ ಸಂಬಂಧಿಸಿದ 169 ಸಾವುಗಳು ಸಿಕ್ಕವು. ಅದರಲ್ಲಿ 117 ಮಂದಿ ತೆಗೆದುಕೊಂಡದ್ದು ಚಿಕಿತ್ಸೆಯ ಮಾಮೂಲಿ ಪ್ರಮಾಣವನ್ನೇ. ಆ 117ರಲ್ಲಿ 60 ಮಂದಿ ಜೊತೆಗೆ ಕ್ಲಾರಿಥ್ರೊಮೈಸಿನ್ ತೆಗೆದುಕೊಳ್ಳುತ್ತಿದ್ದರು.

ಮೂರನೆಯದು ಅವಧಿ. ಯೂರಿಕ್ ಆಸಿಡ್ ಇಳಿಸುವ ಔಷಧ ಶುರು ಮಾಡುವಾಗ ನೋವು ಮರುಕಳಿಸದಿರಲಿ ಅಂತ ಕೊಲ್ಚಿಸಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಅಮೆರಿಕದ ಸಂಧಿವಾತ ತಜ್ಞರ ಸಂಘದ 2020ರ ಮಾರ್ಗಸೂಚಿ ಇದಕ್ಕೆ ಹೇಳುವುದು 3ರಿಂದ 6 ತಿಂಗಳು, ಆಮೇಲೆ ಮತ್ತೆ ಪರಿಶೀಲನೆ. ನಮ್ಮಲ್ಲಿ ಹಳೆಯ ಚೀಟಿ, ಇಲ್ಲವೇ ಖಾಲಿ ಸ್ಟ್ರಿಪ್ ತೋರಿಸಿದರೆ ಹೊಸದು ಸಿಗುತ್ತದೆ. ಪರಿಶೀಲನೆ ಮಾಡುವವರು ಯಾರು?

ಸಮಸ್ಯೆಯ ತಿರುಳು ಇಲ್ಲಿದೆ. ಕಿಡ್ನಿ ಹೇಗಿದೆ ಅನ್ನುವುದು ಲ್ಯಾಬ್ ರಿಪೋರ್ಟಿನಲ್ಲಿದೆ. ಬೇರೆ ಯಾವ ಮಾತ್ರೆ ನಡೆಯುತ್ತಿದೆ ಅನ್ನುವುದು ಹೃದಯದ ಡಾಕ್ಟರೋ ಚರ್ಮದ ಡಾಕ್ಟರೋ ಬರೆದ ಚೀಟಿಯಲ್ಲಿದೆ. ಎಷ್ಟು ತಿಂಗಳಿಂದ ಮಾತ್ರೆ ಹೋಗುತ್ತಿದೆ ಅನ್ನುವುದು ಔಷಧ ಅಂಗಡಿಯವರಿಗೆ ಗೊತ್ತು. ಮೂರೂ ಒಟ್ಟಾಗಿ ಇರುವುದು ಒಬ್ಬರ ಬಳಿ ಮಾತ್ರ, ರೋಗಿಯ ಬಳಿ. ಅಪಾಯ ಎಲ್ಲಿದೆ ಅಂತ ಹೇಳದೆ ಬಿಟ್ಟಿರುವುದೂ ಅವರಿಗೇ.

ಕಾನೂನಿನಲ್ಲಿ ಇದೆ, ಕೌಂಟರಿನಲ್ಲಿ ಇಲ್ಲ

ಕಾನೂನೇ ಇಲ್ಲ ಅನ್ನುವ ಹಾಗಿಲ್ಲ. ಕೊಲ್ಚಿಸಿನ್ ಶೆಡ್ಯೂಲ್ ಎಚ್ ಪಟ್ಟಿಯ ಔಷಧ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಇನ್ನೂ ಮುಂದೆ ಹೋಗಿ, ಫಾರ್ಮಸಿಸ್ಟ್ ರೋಗಿಗೆ ಅಡ್ಡಪರಿಣಾಮ ಮತ್ತು ಔಷಧಗಳ ನಡುವಿನ ಘರ್ಷಣೆಯ ಬಗ್ಗೆ ತಿಳಿಸಿ ಹೇಳಬೇಕು ಅನ್ನುತ್ತವೆ. ನೀವು ಕೊನೆಯ ಸಲ ಔಷಧ ಅಂಗಡಿಗೆ ಹೋದಾಗ ‘ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ?’ ಅಂತ ಯಾರಾದರೂ ಕೇಳಿದರೇ? ಚಿಲ್ಲರೆ ಇದೆಯಾ ಅಂತ ಮಾತ್ರ ಖಂಡಿತ ಕೇಳಿರುತ್ತಾರೆ.

ಅಂಗಡಿಯವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಸಂಜೆ ಏಳರ ಹೊತ್ತಿಗೆ ಕೌಂಟರ್ ಮುಂದೆ ಹತ್ತು ಜನ ನಿಂತಿರುವಾಗ, ತಿಳಿಸಿ ಹೇಳುವ ಕೆಲಸಕ್ಕೆ ಒಂದು ರೂಪಾಯಿಯೂ ಸಿಗದಿರುವಾಗ, ಕೈಗೆ ಕೊಡಲು ಒಂದು ಹಾಳೆಯೂ ಇಲ್ಲದಿರುವಾಗ ಅವರಿಂದ ಏನನ್ನು ನಿರೀಕ್ಷಿಸುವುದು? ಐದು ನಿಮಿಷಕ್ಕೊಬ್ಬ ರೋಗಿಯನ್ನು ನೋಡಬೇಕಾದ ಸರ್ಕಾರಿ ವೈದ್ಯರ ಪರಿಸ್ಥಿತಿಯೂ ಬೇರೆಯಲ್ಲ. ಒಳ್ಳೆಯ ಮನಸ್ಸಿನವರ ಮೇಲೆ ಮಾತ್ರ ನಿಂತ ವ್ಯವಸ್ಥೆ ಬಹಳ ದಿನ ನಿಲ್ಲುವುದಿಲ್ಲ.

ಈಗ ವಿಪರ್ಯಾಸ ನೋಡಿ. ಅಡ್ಡಪರಿಣಾಮಗಳನ್ನು ದಾಖಲಿಸಲು ಕೇಂದ್ರ ಸರ್ಕಾರದ ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ರೋಗಿಗಳೇ ನೇರವಾಗಿ ತುಂಬಬಹುದಾದ ಅರ್ಜಿ ಕನ್ನಡದಲ್ಲೂ ಇದೆ. 1800-180-3024 ಅನ್ನುವ ಉಚಿತ ಸಹಾಯವಾಣಿಯೂ ಇದೆ. ಅಂದರೆ ಮಾತ್ರೆಯಿಂದ ತೊಂದರೆ ಆದ ಮೇಲೆ ದೂರು ಕೊಡಲು ಕನ್ನಡ ಇದೆ, ತೊಂದರೆ ಆಗುವ ಮೊದಲು ಎಚ್ಚರಿಸಲು ಕನ್ನಡ ಇಲ್ಲ.

ಯುರೋಪಿನಲ್ಲಿ 1992ರ ನಿರ್ದೇಶನದಿಂದ ಈಚೆಗೆ ಔಷಧದ ಡಬ್ಬಿಯಲ್ಲಿ ರೋಗಿಗೆ ಅರ್ಥವಾಗುವ ಮಾಹಿತಿ ಪತ್ರ ಇರಲೇಬೇಕು, ಅದು ಆ ದೇಶದ ಭಾಷೆಯಲ್ಲಿ ಇರಬೇಕು. ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ಅಲ್ಲಿನ ರೋಗಿಗೆ ಎಸ್ಟೋನಿಯನ್ ಭಾಷೆಯಲ್ಲಿ ಎಚ್ಚರಿಕೆ ಸಿಗುತ್ತದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಅಂದವರು 4.37 ಕೋಟಿ. ನಮಗೆ ಸಿಗುವುದಿಲ್ಲ.

ಕನ್ನಡದಲ್ಲಿ ಚೀಟಿ ಸಾಕೇ?

ಇಲ್ಲಿ ಒಂದು ರಾಜಕೀಯ ಚರ್ಚೆ ಆಗಲೇ ಶುರುವಾಗಿದೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ಆಸ್ಪತ್ರೆಗಳ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಇದೆ. ಅದರ ಆಧಾರದಲ್ಲಿ, ರಾಜ್ಯದಲ್ಲಿ ತಯಾರಾಗುವ ಉತ್ಪನ್ನಗಳ ಮೇಲೆ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಅಂತ 2025ರಲ್ಲಿ ಸರ್ಕಾರ ಸೂಚನೆಯನ್ನೂ ಹೊರಡಿಸಿತು.

ಆಶಯ ಒಳ್ಳೆಯದೇ. ಆದರೆ ‘ಕೊಲ್ಚಿಸಿನ್ 0.5’ ಅಂತ ಕನ್ನಡ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ರೋಗಿಗೆ ಏನು ಗೊತ್ತಾಯಿತು? ಹೆಸರಿನ ಲಿಪಿ ಬದಲಾಯಿತು, ಅಷ್ಟೇ. ‘ತೊಡೆ, ತೋಳಿನಲ್ಲಿ ಬಲ ಕಡಿಮೆಯಾದರೆ ತಕ್ಷಣ ವೈದ್ಯರಿಗೆ ತಿಳಿಸಿ. ಬೇರೆ ಡಾಕ್ಟರ್ ಹತ್ತಿರ ಹೋದಾಗ ಈ ಮಾತ್ರೆ ತೋರಿಸಿ’ ಅನ್ನುವ ಎರಡು ವಾಕ್ಯ ಕನ್ನಡದಲ್ಲಿದ್ದರೆ ಒಂದು ಜೀವ ಉಳಿಯಬಹುದು. ಭಾಷೆಯ ಹಕ್ಕು ಫಲಕದಲ್ಲಿ ಶುರುವಾಗಬಹುದು, ಅಲ್ಲೇ ಮುಗಿಯಬಾರದು.

ಔಷಧದ ಲೇಬಲ್ ಕೇಂದ್ರದ ಕಾನೂನಿನ ವ್ಯಾಪ್ತಿಗೆ ಬರುತ್ತದೆ, ರಾಜ್ಯ ಏನು ಮಾಡಲು ಸಾಧ್ಯ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಸರ್ಕಾರಿ ಆಸ್ಪತ್ರೆಯ ಔಷಧ ವಿತರಣಾ ಕೌಂಟರಿನಲ್ಲಿ ಮಾತ್ರೆಯ ಜೊತೆ ಅರ್ಧ ಹಾಳೆ ಕನ್ನಡ ಮಾಹಿತಿ ಕೊಡಲು ದೆಹಲಿಯ ಅಪ್ಪಣೆ ಬೇಕಿಲ್ಲ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುತ್ತಾರೆ. ಅವರ ಕೈಯಲ್ಲಿರುವ ಪ್ರಶ್ನೆಪಟ್ಟಿಗೆ ‘ಮನೆಯಲ್ಲಿರುವ ಎಲ್ಲ ಮಾತ್ರೆ ತೋರಿಸಿ’ ಅನ್ನುವ ಒಂದು ಸಾಲು ಸೇರಿಸುವುದು ಕಷ್ಟವೇ? ಆದರೆ ಈ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ಹೆಗಲಿಗೆ ಪುಕ್ಕಟೆಯಾಗಿ ಹೊರಿಸಬಾರದು. ತರಬೇತಿ ಕೊಟ್ಟು, ಗೌರವಧನ ಕೊಟ್ಟು ಮಾಡಿಸಬೇಕು.

ಕೇಂದ್ರದ ಪಾಲಿನದ್ದೂ ಇದೆ. 2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಕ್ಯಾನ್ ಮಾಡಿದರೆ ತಯಾರಕರ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಸಿಗಬೇಕು. ನಕಲಿ ಔಷಧ ಹಿಡಿಯಲು ಇದು ಬೇಕು, ಸರಿ. ಆದರೆ ಅದೇ ಕೋಡ್ ಒಳಗೆ ರೋಗಿಗೆ ಬೇಕಾದ ಎಚ್ಚರಿಕೆಯನ್ನು 22 ಭಾಷೆಗಳಲ್ಲಿ ಇಡಲು ತಂತ್ರಜ್ಞಾನದ ಅಡ್ಡಿ ಯಾವುದೂ ಇಲ್ಲ. ಇಲ್ಲದಿರುವುದು ಮನಸ್ಸು.

ಅಮೆರಿಕದಿಂದ ಕಲಿಯಬೇಕಾದ್ದು, ಕಲಿಯಬಾರದ್ದು

ಮಾಹಿತಿ ಕೊಡುವ ಕೆಲಸವನ್ನು ಕಂಪನಿಗಳಿಗೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕೊಲ್ಚಿಸಿನ್ ಕಥೆಯೇ ಉದಾಹರಣೆ.

ಅಮೆರಿಕದಲ್ಲಿ ಕೊಲ್ಚಿಸಿನ್ ಮಾತ್ರೆ 2009ರವರೆಗೆ ಎಫ್‌ಡಿಎಯ ಅನುಮೋದನೆಯೇ ಇಲ್ಲದೆ ಮಾರಾಟವಾಗುತ್ತಿತ್ತು. ಕಾನೂನಿಗಿಂತ ಹಳೆಯ ಔಷಧ ಅನ್ನುವ ಕಾರಣಕ್ಕೆ ಯಾರೂ ಪ್ರಶ್ನಿಸಿರಲಿಲ್ಲ. ಬೆಲೆ ಒಂದು ಮಾತ್ರೆಗೆ ಸುಮಾರು 9 ಸೆಂಟ್. ಆಮೇಲೆ ಯುಆರ್‌ಎಲ್ ಫಾರ್ಮಾ ಅನ್ನುವ ಕಂಪನಿ ಪರೀಕ್ಷೆ ನಡೆಸಿ ‘ಕೊಲ್ಕ್ರಿಸ್’ ಹೆಸರಿನಲ್ಲಿ ಅನುಮೋದನೆ ಪಡೆಯಿತು. ಆ ಪರೀಕ್ಷೆಯಿಂದ ಒಳ್ಳೆಯದೂ ಆಯಿತು. ನೋವು ಬಂದಾಗ ಒಟ್ಟು 4.8 ಮಿಲಿಗ್ರಾಂ ನುಂಗುವ ಹಳೆಯ ಪದ್ಧತಿಯಷ್ಟೇ ಪರಿಣಾಮ 1.8 ಮಿಲಿಗ್ರಾಂನಲ್ಲೂ ಸಿಗುತ್ತದೆ, ಭೇದಿ-ವಾಂತಿ ಬಹಳ ಕಡಿಮೆ ಅಂತ ಗೊತ್ತಾಯಿತು. ಬೇರೆ ಔಷಧಗಳ ಜೊತೆಗಿನ ಅಪಾಯಗಳು ಲೇಬಲ್ ಮೇಲೆ ಬಂದವು. ರೋಗಿಯ ಕೈಗೇ ಕೊಡುವ ಮಾಹಿತಿ ಪತ್ರವೂ ಬಂತು.

ಆದರೆ ಅದರ ಬದಲಿಗೆ ಕಂಪನಿಗೆ ಗೌಟ್ ಚಿಕಿತ್ಸೆಗೆ ಮೂರು ವರ್ಷ, ಮೆಡಿಟರೇನಿಯನ್ ಜ್ವರ ಅನ್ನುವ ಅಪರೂಪದ ವಂಶವಾಹಿ ಕಾಯಿಲೆಗೆ ಏಳು ವರ್ಷ ಏಕಸ್ವಾಮ್ಯ ಸಿಕ್ಕಿತು. ಉಳಿದ ತಯಾರಕರನ್ನು 2010ರಲ್ಲಿ ಮಾರುಕಟ್ಟೆಯಿಂದ ಹೊರಹಾಕಲಾಯಿತು. 9 ಸೆಂಟಿನ ಮಾತ್ರೆ 4.85 ಡಾಲರ್ ಆಯಿತು. ಐವತ್ತು ಪಟ್ಟಿಗೂ ಜಾಸ್ತಿ. 2012ರಲ್ಲಿ ಜಪಾನಿನ ಟಕೇಡಾ ಕಂಪನಿ ಯುಆರ್‌ಎಲ್ ಫಾರ್ಮಾವನ್ನು 80 ಕೋಟಿ ಡಾಲರಿಗೆ ಕೊಂಡುಕೊಂಡಿತು. ಸಾವಿರಾರು ವರ್ಷಗಳಿಂದ ಮನುಷ್ಯರಿಗೆ ಗೊತ್ತಿದ್ದ ಗಿಡದ ಸಾರ ಹೀಗೆ ಒಂದು ಕಂಪನಿಯ ಆಸ್ತಿಯಾಯಿತು.

ನಮ್ಮಲ್ಲಿ ಉಲ್ಟಾ ಪರಿಸ್ಥಿತಿ. ಮಾತ್ರೆ ಕೆಲವೇ ರೂಪಾಯಿಗೆ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ಅಗ್ಗದ ಹಳೆಯ ಔಷಧದ ಬಗ್ಗೆ ಜನರಿಗೆ ತಿಳಿಸಿ ಹೇಳುವುದರಲ್ಲಿ ಯಾವ ಕಂಪನಿಗೂ ಲಾಭವಿಲ್ಲ. ಹಾಗಾಗಿ ಅದು ಸರ್ಕಾರ ಮಾಡಬೇಕಾದ ಕೆಲಸ. ಕಡಿಮೆ ಬೆಲೆ ಮತ್ತು ಸರಿಯಾದ ಮಾಹಿತಿ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಬಡ ರೋಗಿಗೆ ಹೇಳುವುದು ಅನ್ಯಾಯ.

ಈಗಲೇ ಯಾಕೆ?

ಈ ಔಷಧ ಇನ್ನು ಗೌಟ್ ಇರುವವರಿಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ. 2019 ಮತ್ತು 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು, ದಿನಕ್ಕೆ 0.5 ಮಿಲಿಗ್ರಾಂ ಕೊಲ್ಚಿಸಿನ್ ಹೃದಯಾಘಾತದಂಥ ಅಪಾಯಗಳನ್ನು ತಗ್ಗಿಸುತ್ತದೆ ಅಂತ ತೋರಿಸಿದವು. 2023ರ ಜೂನ್‌ನಲ್ಲಿ ಎಫ್‌ಡಿಎ ಹೃದ್ರೋಗಿಗಳ ಬಳಕೆಗೆ ಇದನ್ನು ಅನುಮೋದಿಸಿತು. 2024ರಲ್ಲಿ ಬಂದ, ಸುಮಾರು 7,000 ರೋಗಿಗಳ ಮತ್ತೊಂದು ಅಧ್ಯಯನದಲ್ಲಿ ಹೃದಯಾಘಾತವಾದವರಿಗೆ ಇದರಿಂದ ಅಂಥ ಪ್ರಯೋಜನ ಕಾಣಲಿಲ್ಲ. ಚರ್ಚೆ ಮುಗಿದಿಲ್ಲ, ಆದರೆ ಬಳಕೆ ಹೃದಯದ ಕಡೆಗೆ ತಿರುಗಿದೆ.

ಹೃದ್ರೋಗಿಗಳಲ್ಲಿ ಬಹುತೇಕ ಎಲ್ಲರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದಕ್ಕೂ ಸ್ನಾಯುವಿನ ಅಡ್ಡಪರಿಣಾಮ ಇದೆ. ನ್ಯಾಯವಾಗಿ ಹೇಳಬೇಕಾದರೆ, ಮೊದಲ ಎರಡು ಅಧ್ಯಯನಗಳಲ್ಲಿ ಎರಡೂ ಮಾತ್ರೆ ಒಟ್ಟಿಗೆ ತೆಗೆದುಕೊಂಡವರಲ್ಲಿ ಸ್ನಾಯು ಹಾನಿ ಹೆಚ್ಚೇನೂ ಕಾಣಲಿಲ್ಲ. ಆದರೆ ಆ ಅಧ್ಯಯನಗಳು ಕಿಡ್ನಿ ತೀರಾ ಕೆಟ್ಟವರನ್ನು ಸೇರಿಸಿಕೊಂಡಿರಲಿಲ್ಲ. ಸೇರಿದವರ ಮೇಲೆ ನಿಯಮಿತ ನಿಗಾ ಇತ್ತು. ನಮ್ಮ ತಾಲ್ಲೂಕು ಕೇಂದ್ರದಲ್ಲಿ ವರ್ಷಕ್ಕೊಮ್ಮೆಯೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದ ರೈತ ಆ ಅಧ್ಯಯನದ ಲೆಕ್ಕದಲ್ಲಿ ಇಲ್ಲ.

ಎಚ್ಚರಿಕೆ ಕೊಟ್ಟರೆ ಜನ ಹೆದರಿ ಔಷಧವನ್ನೇ ಬಿಡುತ್ತಾರೆ ಅನ್ನುವ ವಾದವನ್ನು ವೈದ್ಯರಿಂದ ಕೇಳಿರುತ್ತೀರಿ. ಅದರಲ್ಲಿ ಸತ್ಯಾಂಶವಿದೆ. ನೂರು ಅಡ್ಡಪರಿಣಾಮಗಳ ಪಟ್ಟಿ ಕೊಟ್ಟರೆ ಯಾರಾದರೂ ಹೆದರುತ್ತಾರೆ. ಆದರೆ ಏನೂ ಹೇಳದಿದ್ದರೆ ವಾಟ್ಸ್‌ಆ್ಯಪ್ ಹೇಳುತ್ತದೆ. ‘ಇಂಗ್ಲಿಷ್ ಮಾತ್ರೆ ವಿಷ, ನಮ್ಮ ಕಷಾಯ ಕುಡಿಯಿರಿ’ ಅನ್ನುವ ಫಾರ್ವರ್ಡ್ ಬೆಳೆಯುವುದೇ ಈ ಮೌನದಲ್ಲಿ. ಯಾವ ಲಕ್ಷಣಕ್ಕೆ ಎಚ್ಚರವಾಗಬೇಕು, ಯಾರನ್ನು ಕೇಳಬೇಕು ಅಂತ ಗೊತ್ತಿರುವ ರೋಗಿ ಮಾತ್ರೆಯನ್ನು ಧೈರ್ಯವಾಗಿ ತೆಗೆದುಕೊಳ್ಳುತ್ತಾರೆ.

ಮನೆಯಲ್ಲಿ ಇವತ್ತೇ ಮಾಡಬಹುದಾದ್ದು

ಸರ್ಕಾರಕ್ಕೆ ಕೇಳಬೇಕಾದ್ದನ್ನು ಕೇಳೋಣ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಲ್ಚಿಸಿನ್‌ನಂಥ ಔಷಧಗಳಿಗೆ ಕನ್ನಡದ ಮಾಹಿತಿ ಹಾಳೆ ಬೇಕು. ಫಾರ್ಮಸಿ ನಿಯಮ ಪಾಲನೆಯಾಗುತ್ತಿದೆಯೇ ಅಂತ ರಾಜ್ಯದ ಔಷಧ ನಿಯಂತ್ರಕರು ನಿಜವಾಗಿ ತಪಾಸಣೆ ಮಾಡಬೇಕು. ದೀರ್ಘಕಾಲ ಈ ಮಾತ್ರೆ ನುಂಗುವವರಿಗೆ ಕಿಡ್ನಿ ಪರೀಕ್ಷೆ ಉಚಿತವಾಗಿ ಸಿಗಬೇಕು. ಕ್ಯೂಆರ್ ಕೋಡಿನೊಳಗೆ ಕನ್ನಡ ಬೇಕು.

ಅದಾಗುವವರೆಗೆ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಅಪ್ಪನೋ ಅಮ್ಮನೋ ಗೌಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸ್ಟ್ರಿಪ್ ತಿರುಗಿಸಿ ಔಷಧದ ಹೆಸರು ಓದಿ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣದಾಗಿ ಕೊಲ್ಚಿಸಿನ್ ಅಂತಿದ್ದರೆ ಮೂರು ಪ್ರಶ್ನೆ ಕೇಳಿ. ಈಚೆಗೆ ಕಿಡ್ನಿ ಪರೀಕ್ಷೆ ಮಾಡಿಸಿದ್ದು ಯಾವಾಗ? ಬೇರೆ ಯಾವೆಲ್ಲ ಮಾತ್ರೆ ನಡೆಯುತ್ತಿದೆ? ಇದನ್ನು ಎಷ್ಟು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಾರೆ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಸಲ ವೈದ್ಯರ ಮುಂದಿಡಿ. ಹೊಸ ಆ್ಯಂಟಿಬಯೋಟಿಕ್ ಅಥವಾ ಹುಳುಕಡ್ಡಿ ಮಾತ್ರೆ ಬರೆಸಿಕೊಳ್ಳುವಾಗಲೂ ಆ ಹಾಳೆ ಜೊತೆಗಿರಲಿ.

ಗೌಟ್ ನೋವು ಮತ್ತು ಸ್ನಾಯು ಹಾನಿಯನ್ನು ಗೊಂದಲ ಮಾಡಿಕೊಳ್ಳಬೇಡಿ. ಗೌಟ್ ನೋವು ಸಾಮಾನ್ಯವಾಗಿ ಒಂದು ಕೀಲಿನಲ್ಲಿ, ಕೆಂಪಗೆ, ಬಿಸಿಯಾಗಿ ಬರುತ್ತದೆ. ಸ್ನಾಯು ಹಾನಿಯಲ್ಲಿ ನೋವಿಗಿಂತ ಸೋಲು ಜಾಸ್ತಿ. ಎರಡೂ ತೊಡೆ, ಎರಡೂ ಭುಜ ಒಟ್ಟಿಗೆ ಬಲ ಕಳೆದುಕೊಳ್ಳುತ್ತವೆ. ಕೂತಲ್ಲಿಂದ ಏಳಲು ಕೈ ಊರಬೇಕಾಗಿ ಬಂದರೆ, ಕೈಕಾಲು ಜೋಮು ಹಿಡಿದರೆ, ಬಿಡದೆ ಭೇದಿಯಾದರೆ ಬೇಗ ವೈದ್ಯರನ್ನು ಕಾಣಿ. ಮೂತ್ರದ ಬಣ್ಣ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಏನೂ ತೊಂದರೆ ಇಲ್ಲದವರು ಈ ಲೇಖನ ಓದಿ ಹೆದರಿ ಮಾತ್ರೆ ಬಿಡಬೇಡಿ, ಬರೆದುಕೊಟ್ಟ ವೈದ್ಯರನ್ನೇ ಕೇಳಿ ನಿರ್ಧರಿಸಿ.

ತೊಂದರೆ ಆಗಿದ್ದರೆ ದೂರನ್ನೂ ದಾಖಲಿಸಿ. ಸಹಾಯವಾಣಿ ಇದೆ, ಕನ್ನಡದ ಅರ್ಜಿಯೂ ಇದೆ. ದಾಖಲಾಗದ ಅಡ್ಡಪರಿಣಾಮ ಸರ್ಕಾರದ ಕಣ್ಣಿಗೆ ಆಗಿಯೇ ಇಲ್ಲದ ಅಡ್ಡಪರಿಣಾಮ. ಕನ್ನಡದಲ್ಲಿ ತುಂಬಿದ ಅರ್ಜಿಗಳು ರಾಶಿ ಬಿದ್ದ ದಿನ, ಎಚ್ಚರಿಕೆ ಮಾತ್ರ ಯಾಕೆ ಇಂಗ್ಲಿಷಿನಲ್ಲಿದೆ ಅನ್ನುವ ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ.